ಬೋನಸ್ ಪಟ್ಟಿಯಲ್ಲಿ ನಾಲ್ಕು ರೂಪಾಯಿ ಜಾಸ್ತಿ ಬರುತ್ತಿದೆ, ಯಾರ ಹೆಸರಿನಿಂದ ಕಳೆಯೋದು?

ಡೇರಿಲೆಕ್ಕ:

ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ ನಮ್ಮದು. ಊರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನು. ಬೆಳಗ್ಗೆ ಸಂಜೆ ಹಾಲು ಅಳೆಯೋದು, ಫ್ಯಾಟ್ ನೋಡೋದು, ಬಿಲ್ ತೆಗೆಯೋದು, ಇದೆಲ್ಲ ಸಲೀಸಾಗಿ ನಡೆಯುತ್ತದೆ. ಸಿಕ್ಕಿಕೊಂಡಿರುವುದು ವರ್ಷದ ಬೋನಸ್ ಪಟ್ಟಿಯಲ್ಲಿ.

ಈ ಸಲ ಬೋನಸ್ಸಿಗೆ ಅಂತ ಇಟ್ಟಿರುವ ಹಣ 3,25,000 ರೂಪಾಯಿ. ಹಾಲು ಹಾಕಿದ ಸದಸ್ಯರು 118 ಜನ. ವರ್ಷದಲ್ಲಿ ಎಲ್ಲರದೂ ಸೇರಿ 2,41,860 ಲೀಟರ್. ಯಾರು ಎಷ್ಟು ಹಾಲು ಹಾಕಿದ್ದಾರೋ ಅದಕ್ಕೆ ತಕ್ಕಂತೆ ಬೋನಸ್.

ನಮ್ಮ ಕಾರ್ಯದರ್ಶಿಯವರು ಕ್ಯಾಲ್ಕುಲೇಟರ್ ಒತ್ತಿ, "ಲೀಟರಿಗೆ 1.34 ಬೀಳುತ್ತೆ, ಹಾಕಪ್ಪ" ಅಂದರು. ಹಾಕಿದೆ. ಒಟ್ಟು 3,24,092 ರೂಪಾಯಿ 40 ಪೈಸೆ ಬಂತು. ಅಂದರೆ 907 ರೂಪಾಯಿ 60 ಪೈಸೆ ಯಾರಿಗೂ ಸೇರದೆ ಉಳಿಯಿತು. 1.35 ಹಾಕಿ ನೋಡಿದೆ. ಈಗ 1,511 ರೂಪಾಯಿ ಕೊರತೆ.

ಆಮೇಲೆ ದರದ ಗೊಡವೆಯೇ ಬೇಡ ಎಂದು, ಪ್ರತಿಯೊಬ್ಬರ ಲೀಟರನ್ನೂ 3,25,000ದಿಂದ ಗುಣಿಸಿ 2,41,860ರಿಂದ ಭಾಗಿಸಿದೆ. ಎಕ್ಸೆಲ್‌ನಲ್ಲಿ ಒಟ್ಟು ಸರಿಯಾಗಿ 3,25,000 ಬಂತು. ಪೈಸೆ ಕಾಣದ ಹಾಗೆ ಮಾಡಿ ಪ್ರಿಂಟ್ ತೆಗೆದೆ. ನಮ್ಮ ಆಡಳಿತ ಮಂಡಳಿಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಅವರು ಪಟ್ಟಿಯನ್ನು ಮನೆಗೆ ಒಯ್ದು ಸಾಲು ಸಾಲಾಗಿ ಕೂಡಿದರು. ಮಾರನೇ ದಿನ ಬಂದು, "ನಿನ್ನ ಕಂಪ್ಯೂಟರ್‌ಗೆ ಕೂಡೋಕೆ ಬರಲ್ಲ ಕಣಯ್ಯಾ, ಇದು 3,25,004 ಆಗುತ್ತೆ" ಅಂದರು. ನಾನೂ ಕೂಡಿದೆ. ಅವರು ಹೇಳಿದ್ದು ನಿಜ.

ಈಗ ನಾಲ್ಕು ರೂಪಾಯಿ ಯಾರಿಂದ ಕಳೆಯೋದು? ಪಟ್ಟಿಯ ಕೊನೆಯವರಿಂದ ಕಳೆ ಅನ್ನುತ್ತಾರೆ ಕೆಲವರು. ಕೊನೆಯಲ್ಲಿರುವುದು ಒಬ್ಬ ಅಜ್ಜಿ. ಹಸು ಬತ್ತಿಹೋಗಿ ಇಡೀ ವರ್ಷಕ್ಕೆ ಹಾಕಿರುವುದು 46 ಲೀಟರ್, ಬರುವುದು 62 ರೂಪಾಯಿ. ಅದರಲ್ಲಿ ನಾಲ್ಕು ಕಳೆದು 58 ಕೊಟ್ಟರೆ ನನಗೇ ಒಂಥರಾ. ಜಾಸ್ತಿ ಹಾಲು ಹಾಕಿದವರಿಂದ ಕಳೆ ಅನ್ನುವುದು ಇನ್ನೊಂದು ಮಾತು. ಅವರದು 9,214 ಲೀಟರ್, 12,381 ರೂಪಾಯಿ. ಆದರೆ ಅವರೂ ಮಂಡಳಿಯಲ್ಲೇ ಇದ್ದಾರೆ. "ಜಾಸ್ತಿ ಹಾಕಿದ್ದೇ ತಪ್ಪಾ?" ಅಂತ ಆಗಲೇ ಕೇಳಿಯಾಯಿತು.

ಹಣ ಹೋಗುವುದು ಬ್ಯಾಂಕ್ ಖಾತೆಗೆ. ಆದರೆ ಬಟವಾಡೆ ಪಟ್ಟಿ ಇಡೀ ರೂಪಾಯಿಯಲ್ಲೇ ಇರಬೇಕು ಅನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಇದಕ್ಕೆ ಸರಿಯಾದ ದಾರಿ ಅಂತ ಒಂದಿದೆಯಾ?

ಬಿಸಿಲುಕುದುರೆ:

ನಾಲ್ಕು ರೂಪಾಯಿಗೆ ಇಷ್ಟು ದೊಡ್ಡ ಪೋಸ್ಟಾ ಗುರು? ಜೇಬಿಂದ ಹಾಕಿ ಮುಗಿಸಿ. ಒಂದು ಟೀ ಕಮ್ಮಿ ಕುಡಿದರಾಯ್ತು.

ಡೇರಿಲೆಕ್ಕ:

ಹಾಕಬಹುದು. ಆದರೆ ಆ ನಾಲ್ಕು ರೂಪಾಯಿಯನ್ನು ನಗದು ಪುಸ್ತಕದಲ್ಲಿ ಯಾವ ಹೆಸರಿಗೆ ಬರೆಯಲಿ? ಡೇರಿಗೆ ನಾನು ದಾನ ಕೊಟ್ಟೆ ಅಂತಲಾ?

ಹಳೇ_ಆಡಿಟರ್:

ಜೇಬಿಂದ ಹಾಕಬೇಡಿ. ಸಂಘದ ಲೆಕ್ಕಕ್ಕೆ ಸ್ವಂತ ದುಡ್ಡು ಸೇರಿದರೆ ಅದು ನಾಲ್ಕು ರೂಪಾಯಿ ಆದರೂ ಆಕ್ಷೇಪಣೆಯೇ. ಸಹಕಾರ ಸಂಘಗಳ ಪುಸ್ತಕ ನೋಡುತ್ತಲೇ ತಲೆ ನರೆತವನು ನಾನು. ಪಟ್ಟಿ ಕೈಗೆ ಬಂದ ತಕ್ಷಣ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಠರಾವಿನಲ್ಲಿ ಬರೆದ ಮೊತ್ತ, ಪಟ್ಟಿಯ ಕೆಳಗಿನ ಒಟ್ಟು, ಬ್ಯಾಂಕಿನಿಂದ ನಿಜವಾಗಿ ಹೋದ ಹಣ. ಮೂರೂ ಒಂದೇ ಇದ್ದರೆ ಮುಂದಿನ ಪುಟ. ಒಂದು ರೂಪಾಯಿ ಆಚೀಚೆ ಇದ್ದರೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಒಂದು ರೂಪಾಯಿ ದೊಡ್ಡದು ಅಂತಲ್ಲ. ಒಂದು ಕಡೆ ಸಾವಿರ ಜಾಸ್ತಿ, ಇನ್ನೊಂದು ಕಡೆ ಸಾವಿರದ ಒಂದು ಕಮ್ಮಿ ಆಗಿದ್ದರೂ ಕೊನೆಗೆ ಕಾಣುವುದು ಆ ಒಂದೇ ರೂಪಾಯಿ. ಅದಕ್ಕೆ ನಿಮ್ಮ ಮೇಷ್ಟ್ರು ಕೂಡಿ ನೋಡಿದ್ದು ಒಳ್ಳೆಯದೇ ಆಯಿತು.

ಈಗ ನಿಮ್ಮ ವಿಷಯ. ದಿನದ ಹಾಲಿನ ಬಿಲ್ಲಿನಲ್ಲಿ ಈ ತಲೆನೋವು ಯಾಕಿಲ್ಲ, ಯೋಚಿಸಿದ್ದೀರಾ? ಅಲ್ಲಿ ದರ ಮೊದಲೇ ಗೊತ್ತು. ಲೀಟರಿಗೆ ಇಷ್ಟು, ಹಾಕಿದ್ದು ಇಷ್ಟು, ಹಣ ಇಷ್ಟು. ಒಟ್ಟು ಎಷ್ಟಾಗುತ್ತದೋ ಅಷ್ಟು ಕೊಡುತ್ತೀರಿ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನವೂ ಹಾಗೇ. ಬೋನಸ್ಸಿನಲ್ಲಿ ಇದು ತಿರುಗುಮುರುಗು. ಒಟ್ಟು ಮೊತ್ತ ಮೊದಲೇ ಗಟ್ಟಿಯಾಗಿದೆ, ದರ ಅದರಿಂದ ಹುಟ್ಟಬೇಕು. ಹಾಗೆ ಹುಟ್ಟಿದ ದರ ನಿಮ್ಮಲ್ಲಿ 1.34375 ಆಗಿ ಇನ್ನೂ ಮುಂದಕ್ಕೆ ಹೋಗುತ್ತದೆ. ಅದನ್ನು ಎರಡು ಅಂಕಿಗೆ ಕತ್ತರಿಸಿದರೆ ಲೀಟರಿಗೆ ಅರ್ಧ ಪೈಸೆಯೊಳಗೇ ವ್ಯತ್ಯಾಸ ನಿಜ. ಆದರೆ ಅದನ್ನು ಎರಡೂಕಾಲು ಲಕ್ಷ ದಾಟಿದ ಲೀಟರಿನಿಂದ ಗುಣಿಸುತ್ತಿದ್ದೀರಿ. ಅಲ್ಲೇ ಹೋದದ್ದು ನಿಮ್ಮ 907 ರೂಪಾಯಿ. ಹಾಗಾಗಿ ದರವನ್ನು ಯಾವತ್ತೂ ರೌಂಡ್ ಮಾಡಬೇಡಿ. ನೋಟಿಸ್ ಬೋರ್ಡಿನಲ್ಲಿ "ಸುಮಾರು 1.34" ಅಂತ ಹಾಕಿಕೊಳ್ಳಿ, ಲೆಕ್ಕಕ್ಕೆ ತರಬೇಡಿ.

ಎರಡನೇದು ಎಕ್ಸೆಲ್ ತಂಟೆ. ಪೈಸೆ ಕಾಣದ ಹಾಗೆ ಮಾಡಿದಿರಲ್ಲ, ಅದರಿಂದ ಪೈಸೆ ಹೋಗಿಲ್ಲ, ಅಡಗಿ ಕೂತಿದೆ ಅಷ್ಟೆ. ಕಂಪ್ಯೂಟರ್ ಕೂಡಿದ್ದು ಒಳಗಿರುವ ಸಂಖ್ಯೆಗಳನ್ನು. ಮೇಷ್ಟ್ರು ಕೂಡಿದ್ದು ಕಾಗದದ ಮೇಲಿನ ಸಂಖ್ಯೆಗಳನ್ನು. ಇಬ್ಬರದೂ ಸರಿಯಾದ ಕೂಡಿಕೆಯೇ. ಬ್ಯಾಂಕಿಗೆ ಹೋಗುವುದು ಕಾಗದದ ಮೇಲಿನದ್ದು, ಹಾಗಾಗಿ ಮೇಷ್ಟ್ರ ಒಟ್ಟೇ ಲೆಕ್ಕಕ್ಕೆ ಬರುವುದು.

118 ಜನರ ಪಾಲನ್ನು ಒಂದೊಂದಾಗಿ ರೌಂಡ್ ಮಾಡಿದರೆ ತೀರಾ ಕೆಟ್ಟ ಸಂದರ್ಭದಲ್ಲಿ 59 ರೂಪಾಯಿವರೆಗೂ ಆಚೀಚೆ ಆಗಬಹುದು. ತಲೆಗೆ ಅರ್ಧ ರೂಪಾಯಿ. ನಿಜದಲ್ಲಿ ಮೇಲೇರಿದ್ದು ಕೆಳಗಿಳಿದದ್ದು ಒಂದಕ್ಕೊಂದು ಹೊಡೆದುಹೋಗಿ ನಾಲ್ಕೋ ಐದೋ ಉಳಿಯುತ್ತದೆ. ನಿಮ್ಮದು ಅಂಥದ್ದೇ.

ಹಂಚೋದು ಹೀಗೆ. ಚಿಕ್ಕ ಲೆಕ್ಕದಲ್ಲಿ ತೋರಿಸುತ್ತೇನೆ. ಆರು ಜನ, 7,000 ಲೀಟರ್, 10,000 ರೂಪಾಯಿ ಅಂತಿಟ್ಟುಕೊಳ್ಳಿ.

ಅ: 1,847 ಲೀಟರ್, ಪಾಲು 2,638 ಮತ್ತು 4/7
ಆ: 1,523 ಲೀಟರ್, ಪಾಲು 2,175 ಮತ್ತು 5/7
ಇ: 1,296 ಲೀಟರ್, ಪಾಲು 1,851 ಮತ್ತು 3/7
ಈ: 1,038 ಲೀಟರ್, ಪಾಲು 1,482 ಮತ್ತು 6/7
ಉ: 809 ಲೀಟರ್, ಪಾಲು 1,155 ಮತ್ತು 5/7
ಊ: 487 ಲೀಟರ್, ಪಾಲು 695 ಮತ್ತು 5/7

ಒಬ್ಬೊಬ್ಬರದನ್ನೇ ರೌಂಡ್ ಮಾಡಿದರೆ ಇ ಒಬ್ಬರನ್ನು ಬಿಟ್ಟು ಎಲ್ಲರೂ ಮೇಲಕ್ಕೆ ಹೋಗುತ್ತಾರೆ. ಒಟ್ಟು 10,001. ಅದರ ಬದಲು ಮೊದಲು ಎಲ್ಲರ ಭಿನ್ನವನ್ನೂ ಕತ್ತರಿಸಿ ಹಾಕಿ. ಒಟ್ಟು 9,996. ಕೈಯಲ್ಲಿ ಉಳಿದದ್ದು ನಾಲ್ಕು ರೂಪಾಯಿ. ಈಗ ಯಾರ ಭಿನ್ನ ದೊಡ್ಡದಿತ್ತು ನೋಡಿ, ದೊಡ್ಡದರಿಂದ ಶುರುಮಾಡಿ ಒಂದೊಂದು ರೂಪಾಯಿ ಕೊಡುತ್ತಾ ಬನ್ನಿ. ಈ ಅವರಿಗೆ ಒಂದು, ಆ ಅವರಿಗೆ ಒಂದು, ಉ ಅವರಿಗೆ ಒಂದು, ಊ ಅವರಿಗೆ ಒಂದು. ಮುಗಿಯಿತು. ಅ ಅವರಿಗೆ 2,638, ಇ ಅವರಿಗೆ 1,851. ಒಟ್ಟು ಬರೋಬ್ಬರಿ 10,000.

ಇಲ್ಲಿ ಅ ಅವರು ಕೇಳಬಹುದು: "ನನ್ನದು ಅರ್ಧಕ್ಕಿಂತ ಜಾಸ್ತಿ ಇತ್ತು, ಯಾಕೆ ಸಿಗಲಿಲ್ಲ?" ಉತ್ತರ ಸರಳ. ಇದ್ದದ್ದು ನಾಲ್ಕು ರೂಪಾಯಿ, ನಿಮಗಿಂತ ಜಾಸ್ತಿ ಭಿನ್ನ ಇದ್ದವರು ನಾಲ್ಕು ಜನ. ಇದು ಹಾಲು ಜಾಸ್ತಿ ಹಾಕಿದವರನ್ನೂ ನೋಡುವುದಿಲ್ಲ, ಕಮ್ಮಿ ಹಾಕಿದವರನ್ನೂ ನೋಡುವುದಿಲ್ಲ. ಪಟ್ಟಿಯಲ್ಲಿ ಮೊದಲಿದ್ದಾರಾ ಕೊನೆಯಲ್ಲಿದ್ದಾರಾ ಎಂದೂ ಕೇಳುವುದಿಲ್ಲ. ಅಂದಹಾಗೆ ನಿಮ್ಮ ಅಜ್ಜಿಯ ಪಾಲು 61 ರೂಪಾಯಿ 81 ಪೈಸೆ. ಭಿನ್ನ ದೊಡ್ಡದಿದೆ, ಅವರಿಗೆ ಬಹುಶಃ 62 ಸಿಕ್ಕೇ ಸಿಗುತ್ತದೆ. ಮಂಡಳಿಯ ಸದಸ್ಯರದು 12,381.34. ಅವರಿಗೆ ಮೊದಲೂ 12,381, ಈಗಲೂ 12,381. ಗಲಾಟೆ ಮಾಡಿದ್ದು ಸುಮ್ನೆ.

ಇನ್ನೊಂದು ದಾರಿ ನಮ್ಮ ಕಾಲದಲ್ಲಿತ್ತು. ಎಲ್ಲರದನ್ನೂ ಕೆಳಕ್ಕೆ ಕತ್ತರಿಸಿ, ಉಳಿದದ್ದನ್ನು "ಹಂಚದ ಬೋನಸ್" ಅಂತ ಬಾಕಿ ತೋರಿಸೋದು. ತಪ್ಪೇನಿಲ್ಲ. ಆದರೆ ಆ ಪುಡಿಗಾಸು ಅಡಾವೆಯಲ್ಲಿ (ಬ್ಯಾಲೆನ್ಸ್ ಶೀಟ್) ವರ್ಷಗಟ್ಟಲೆ ಕೂತಿರುತ್ತದೆ, ಬಂದ ಪ್ರತಿ ಆಡಿಟರೂ ಅದನ್ನೇ ಕೇಳುತ್ತಾನೆ. ನಾನೂ ಕೇಳಿದ್ದೇನೆ!

ಅರೆಬಿಟ್:

ಆಡಿಟರ್ ಸರ್ ಹೇಳಿದ ಕ್ರಮಕ್ಕೆ ದೊಡ್ಡ ಇತಿಹಾಸವೇ ಇದೆ. ಅಮೆರಿಕದಲ್ಲಿ ರಾಜ್ಯಗಳಿಗೆ ಜನಸಂಖ್ಯೆ ಪ್ರಕಾರ ಸಂಸತ್ತಿನ ಸೀಟು ಹಂಚಲು ಅಲ್ಲಿನ ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹೇಳಿದ್ದು ಇದನ್ನೇ. 1792ರಲ್ಲಿ ಆ ಮಸೂದೆಯನ್ನು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತಿರಸ್ಕರಿಸಿದರು. ಅಲ್ಲಿನ ಅಧ್ಯಕ್ಷರೊಬ್ಬರು ಚಲಾಯಿಸಿದ ಮೊದಲ ವೀಟೋ ಅದೇ. ಮುಂದೆ ಹತ್ತೊಂಬತ್ತನೇ ಶತಮಾನದ ನಡುವೆ ಅದೇ ಕ್ರಮ ಮತ್ತೆ ಬಂತು. 1880ರ ಜನಗಣತಿ ಆದಮೇಲೆ ಲೆಕ್ಕ ಹಾಕುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಒಟ್ಟು 299 ಸೀಟು ಇಟ್ಟರೆ ಅಲಬಾಮಾ ರಾಜ್ಯಕ್ಕೆ 8. ಒಂದು ಸೀಟು ಜಾಸ್ತಿ ಮಾಡಿ 300 ಇಟ್ಟರೆ ಅಲಬಾಮಾಕ್ಕೆ 7! ನಿಮ್ಮ ಮಂಡಳಿ ಬೋನಸ್ಸನ್ನು ಒಂದು ರೂಪಾಯಿ ಏರಿಸಿದರೆ ಯಾರೋ ಒಬ್ಬರಿಗೆ ಒಂದು ರೂಪಾಯಿ ಇಳಿಯಬಹುದು ಅಂತ ಅರ್ಥ. ಸೀಟಾದರೆ ದೊಡ್ಡ ಜಗಳ. ಬೋನಸ್ಸಿನಲ್ಲಿ ಯಾರೂ ಗಮನಿಸಲ್ಲ ಬಿಡಿ. ಆದರೆ ಮೊತ್ತ ಬದಲಾದರೆ ಹಳೇ ಪಟ್ಟಿಯನ್ನು ತಿದ್ದಬೇಡಿ, ಮೊದಲಿಂದ ಲೆಕ್ಕ ಹಾಕಿ.

ಇದನ್ನು ಎಕ್ಸೆಲ್‌ನಲ್ಲಿ ಮಾಡುವಾಗ ಒಂದು ಎಚ್ಚರಿಕೆ. ಭಿನ್ನಗಳನ್ನು ದಶಮಾಂಶದಲ್ಲಿ ಹೋಲಿಸಬೇಡಿ. ಕಂಪ್ಯೂಟರ್ ಒಳಗೆ ಲೆಕ್ಕ ಎರಡರ ಆಧಾರದಲ್ಲಿ ನಡೆಯುತ್ತದೆ. 0.1 ಅನ್ನೋದನ್ನೂ ಅದು ನಿಖರವಾಗಿ ಇಟ್ಟುಕೊಳ್ಳಲಾರದು. ಮೇಲಿನ ಲೆಕ್ಕದಲ್ಲಿ ಆ, ಉ, ಊ ಮೂವರಿಗೂ 5/7 ಇದೆಯಲ್ಲ, ದೊಡ್ಡ ಸಂಖ್ಯೆಯಿಂದ ಪೂರ್ಣಾಂಕ ಕಳೆದು ತೆಗೆದರೆ ಕೊನೆಯ ಅಂಕಿಗಳಲ್ಲಿ ಮೂರೂ ಬೇರೆ ಬೇರೆ ಬರಬಹುದು. ಅದರ ಬದಲು ಶೇಷವನ್ನೇ ಹಿಡಿಯಿರಿ. ಲೀಟರನ್ನು ಒಟ್ಟು ಹಣದಿಂದ ಗುಣಿಸಿ, ಒಟ್ಟು ಲೀಟರಿನಿಂದ ಭಾಗಿಸಿ. ಭಾಗಲಬ್ಧಕ್ಕೆ ಕೋಷಂಟ್ (QUOTIENT) ಫಂಕ್ಷನ್, ಶೇಷಕ್ಕೆ ಮಾಡ್ (MOD) ಫಂಕ್ಷನ್. ಅ ಅವರದು 1,847 × 10,000 = 1,84,70,000. ಅದನ್ನು 7,000ದಿಂದ ಭಾಗಿಸಿದರೆ 2,638, ಶೇಷ 4,000. ಎಲ್ಲ ಪೂರ್ಣಾಂಕ, ದಶಮಾಂಶದ ಸೋಂಕೇ ಇಲ್ಲ. ಲೀಟರ್ 1,847.4 ಥರ ಇದ್ದರೆ ಎಲ್ಲರದನ್ನೂ, ಒಟ್ಟನ್ನೂ ಹತ್ತರಿಂದ ಗುಣಿಸಿಕೊಳ್ಳಿ.

ಆಮೇಲೆ ಶೇಷದ ಕಾಲಂಗೆ ರ‍್ಯಾಂಕ್ ಹಾಕಿ, ಎಷ್ಟು ರೂಪಾಯಿ ಉಳಿದಿದೆಯೋ ಅಷ್ಟರೊಳಗಿನ ರ‍್ಯಾಂಕಿನವರಿಗೆ 1 ಸೇರಿಸಿ.

ಇನ್ನೂ ಸುಲಭದ್ದು ಬೇಕಾ? ಒಬ್ಬೊಬ್ಬರ ಪಾಲನ್ನು ರೌಂಡ್ ಮಾಡುವ ಬದಲು, ಆ ಸಾಲಿನವರೆಗಿನ ಒಟ್ಟನ್ನು ರೌಂಡ್ ಮಾಡಿ, ಅದರಿಂದ ಹಿಂದಿನ ಸಾಲಿನವರೆಗಿನ ರೌಂಡ್ ಮಾಡಿದ ಒಟ್ಟನ್ನು ಕಳೆಯಿರಿ. ಒಂದೇ ಸೂತ್ರ, ರ‍್ಯಾಂಕ್ ಬೇಡ, ಕೊನೆಗೆ ತಾಳೆ ಆಗಲೇಬೇಕು. ಯಾರ ಪಾಲೂ ಒಂದು ರೂಪಾಯಿಗಿಂತ ಜಾಸ್ತಿ ಆಚೀಚೆ ಆಗಲ್ಲ.

ಹಳೇ_ಆಡಿಟರ್:

ಈ ಸುಲಭದ್ದು ಬೇಡ. ಅದೇ ಆರು ಜನಕ್ಕೆ ಹಾಕಿ ನೋಡಿದೆ. 2,639, 2,175, 1,852, 1,483, 1,155, 696. ಒಟ್ಟು ಸರಿಯೇ. ಆದರೆ 5/7 ಇರುವ ಆ ಅವರಿಗೆ ಕತ್ತರಿ, 3/7 ಇರುವ ಇ ಅವರಿಗೆ ಒಂದು ರೂಪಾಯಿ. ಹೆಸರುಗಳ ಕ್ರಮ ಬದಲಿಸಿದರೆ ಮತ್ತೆ ಇನ್ನೊಬ್ಬರಿಗೆ. ಮಹಾಸಭೆಯಲ್ಲಿ ಎದ್ದು ನಿಂತವರಿಗೆ ಇದನ್ನು ಹೇಗೆ ವಿವರಿಸುತ್ತೀರಿ? ಸಾಫ್ಟ್‌ವೇರ್ ಒಳಗೆ ಯಾರೂ ನೋಡದ ಕಡೆ ಇರಲಿ. ಊರಿನ ಪಟ್ಟಿ ಎಲ್ಲರ ಕೈಗೂ ಹೋಗುತ್ತದೆ, ಪಕ್ಕದ ಮನೆಯವರದ್ದನ್ನು ನೋಡಿಯೇ ನೋಡುತ್ತಾರೆ.

ಅರೆಬಿಟ್:

ಒಪ್ಪಿದೆ ಸರ್. ನಾವು ಆಫೀಸಿನಲ್ಲಿ ಬಳಸುವುದು ನೂರಾರು ಸಾಲಿನ ಖರ್ಚನ್ನು ವಿಭಾಗಗಳಿಗೆ ಹಂಚುವಾಗ. ಅಲ್ಲಿ ಎದ್ದು ಕೇಳುವವರಿಲ್ಲ.

ಮೂರಾಣೆ:

ಇಡೀ ರೂಪಾಯಿಯ ರೂಢಿ ಯಾಕೆ ಅನ್ನೋದೇ ನನ್ನ ಪ್ರಶ್ನೆ. ನಗದು ಎಣಿಸಿ ಕೊಡುವ ಕಾಲದಲ್ಲಿ ಸರಿ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. 50 ಪೈಸೆ ಕಾಗದದ ಮೇಲೆ ಇದೆ, ಅಂಗಡಿಯಲ್ಲಿ ಯಾರೂ ಮುಟ್ಟಲ್ಲ. ಆದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಎನ್‌ಇಎಫ್‌ಟಿಯಲ್ಲಿ ಪೈಸೆ ಹೋಗುತ್ತದಲ್ಲ. ಪೈಸೆವರೆಗೂ ಕೊಟ್ಟರೆ ಒಟ್ಟು ವ್ಯತ್ಯಾಸ ತೀರಾ ಹೆಚ್ಚೆಂದರೆ 59 ಪೈಸೆ. ಆ ಪೈಸೆಗಳಿಗೂ ಇದೇ ಭಿನ್ನದ ಕ್ರಮ ಬೇಕೇ ಬೇಕು, ಅದು ಬೇರೆ ಮಾತು.

ನಮ್ಮ ಅಜ್ಜನಿಗೆ ಚಿಲ್ಲರೆ ಅಂಗಡಿ ಇತ್ತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದಾಗಿನ ಕಥೆ ಹೇಳುತ್ತಿದ್ದರು. ರೂಪಾಯಿಗೆ ಹದಿನಾರು ಆಣೆ, ಈಗ ನೂರು ನಯಾಪೈಸೆ. ಒಂದಾಣೆ ಅಂದರೆ ಆರೂಕಾಲು. ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆ ಕೊಂಡರೆ 24, ಒಟ್ಟಿಗೇ ಕೊಂಡರೆ 25. ಬುದ್ಧಿವಂತ ಹೆಂಗಸರು ಮಗುವನ್ನು ನಾಲ್ಕು ಸಲ ಕಳಿಸುತ್ತಿದ್ದರಂತೆ. ನಿಜವೋ, ಅಜ್ಜ ಸೇರಿಸಿದ್ದೋ, ದೇವರಿಗೇ ಗೊತ್ತು.

ಡೇರಿಲೆಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಪೈಸೆ ಮಾತು ಮಂಡಳಿಯಲ್ಲಿ ಎತ್ತಿದೆ. "ಪಾಸ್‌ಬುಕ್ ನೋಡಿ ಪೈಸೆ ಯಾಕೆ ಅಂತ ಕೇಳಿದವರಿಗೆಲ್ಲ ಉತ್ತರ ನೀನೇ ಕೊಡು" ಅಂದರು. ರೂಪಾಯಿಯೇ ಇರಲಿ ಅಂತಾಯಿತು.

ಕೋಷಂಟ್, ಮಾಡ್ ಹಾಕಿ ಮಾಡಿದೆ. ಎಲ್ಲರ ಭಿನ್ನ ಕತ್ತರಿಸಿದರೆ ಒಟ್ಟು 3,24,939. ಉಳಿದದ್ದು 61 ರೂಪಾಯಿ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಭಿನ್ನ ಇರುವವರು 65 ಜನ. ಅಂದರೆ ನನ್ನ ಹಳೇ ಪಟ್ಟಿಗೂ ಇದಕ್ಕೂ ನಾಲ್ಕೇ ಹೆಸರಿನ ವ್ಯತ್ಯಾಸ ಬರಬೇಕು. ಅಜ್ಜಿಗೆ 62 ಬಂತು.

ಆದರೆ ರ‍್ಯಾಂಕ್ 61ರವರೆಗೆ ಅಂತ ಹಾಕಿದರೆ ಒಟ್ಟು 3,25,001 ಬರುತ್ತಿದೆ! ಹುಡುಕಿದರೆ ಸಿಕ್ಕಿತು. 1,171 ಲೀಟರ್ ಹಾಕಿದವರು ಇಬ್ಬರಿದ್ದಾರೆ. ಇಬ್ಬರದೂ 1,573 ರೂಪಾಯಿ 53 ಪೈಸೆ ಚಿಲ್ಲರೆ. ಶೇಷ ಒಂದೇ, ಎಕ್ಸೆಲ್ ಇಬ್ಬರಿಗೂ 61ನೇ ರ‍್ಯಾಂಕ್ ಕೊಟ್ಟಿದೆ. ಇರುವುದು ಒಂದೇ ರೂಪಾಯಿ. ಇಬ್ಬರೂ ಒಂದೇ ಬೀದಿಯವರು, ಡೇರಿಗೂ ಒಟ್ಟಿಗೇ ಬರುತ್ತಾರೆ. ಒಬ್ಬರಿಗೆ 1,574, ಇನ್ನೊಬ್ಬರಿಗೆ 1,573 ಅಂದರೆ ಆ ಮಾತು ಸಂಜೆಯ ಹಾಲಿಗೆ ಮುಂಚೆಯೇ ಊರು ತುಂಬುತ್ತದೆ.

ಅರೆಬಿಟ್:

ರ‍್ಯಾಂಕಿಗೆ ಕೌಂಟ್‌ಇಫ್ ಸೇರಿಸಿ. ಪಟ್ಟಿಯ ಮೊದಲ ಸಾಲಿನಿಂದ ಹಿಂದಿನ ಸಾಲಿನವರೆಗೆ ಇದೇ ಶೇಷ ಎಷ್ಟು ಸಲ ಬಂದಿದೆ ಅಂತ ಎಣಿಸಿ, ಅದನ್ನು ರ‍್ಯಾಂಕಿಗೆ ಕೂಡಿ. ಮೇಲಿನವರು 61 ಆಗಿಯೇ ಉಳಿಯುತ್ತಾರೆ, ಕೆಳಗಿನವರು 62 ಆಗುತ್ತಾರೆ. ಶೇಷ ಪೂರ್ಣಾಂಕ ಆಗಿರುವುದರಿಂದ ಇದು ಕೈಕೊಡಲ್ಲ. ಪಟ್ಟಿ ಮಾತ್ರ ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿರಲಿ. ಶೇಷದ ಪ್ರಕಾರ ಸಾರ್ಟ್ ಮಾಡಿ ಕ್ರಮ ಕೆಡಿಸಬೇಡಿ. ಆಮೇಲೆ ಎಕ್ಸೆಲ್ ಸೆಟ್ಟಿಂಗ್ಸ್‌ನಲ್ಲಿ ಕಂಡಷ್ಟೇ ಅಂಕಿ ಉಳಿಸಿಕೊಳ್ಳುವ ಒಂದು ಆಯ್ಕೆ ಇದೆ, ಯಾರಾದರೂ ಅದನ್ನು ಒತ್ತಿ ಅಂದರೆ ಕೇಳಬೇಡಿ. ಕಾಣದ ಅಂಕಿಗಳು ಇಡೀ ಫೈಲಿನಿಂದ ಅಳಿಸಿಹೋಗುತ್ತವೆ, ಮತ್ತೆ ಬರಲ್ಲ.

ಹಳೇ_ಆಡಿಟರ್:

ಸೂತ್ರ ಆಯಿತು. ಇನ್ನು ಆ ಇಬ್ಬರ ವಿಷಯ. ಒಬ್ಬರಿಗೆ ಕೊಡಲೇಬೇಕು, ಇನ್ನೊಬ್ಬರಿಗೆ ಇಲ್ಲ. ಅದು ಯಾವ ಗಣಿತದಿಂದಲೂ ತಪ್ಪುವುದಿಲ್ಲ. ಯಾರಿಗೆ ಅನ್ನುವುದನ್ನು ನೀವು ಕಂಪ್ಯೂಟರ್ ಮುಂದೆ ಕೂತು ತೀರ್ಮಾನಿಸಬೇಡಿ, ಅಷ್ಟೇ. ಹಂಚುವ ಮೊದಲು ಮಂಡಳಿಯ ಸಭೆಯಲ್ಲಿ ಈ ಠರಾವು ಮಾಡಿಸಿ:

"ಬೋನಸ್ ಮೊತ್ತ 3,25,000 ರೂಪಾಯಿಯನ್ನು ಸದಸ್ಯರು ವರ್ಷದಲ್ಲಿ ಹಾಕಿದ ಲೀಟರಿನ ಪ್ರಮಾಣದಲ್ಲಿ ಹಂಚುವುದು. ಪ್ರತಿ ಪಾಲಿನ ರೂಪಾಯಿ ಕೆಳಗಿನ ಭಾಗವನ್ನು ಬಿಟ್ಟು, ಹಾಗೆ ಉಳಿದ ಹಣವನ್ನು ಬಿಟ್ಟ ಭಾಗ ಹೆಚ್ಚಿರುವವರಿಂದ ಶುರುಮಾಡಿ ಒಂದೊಂದು ರೂಪಾಯಿಯಂತೆ ಕೊಡುವುದು. ಬಿಟ್ಟ ಭಾಗ ಸಮನಾಗಿದ್ದರೆ ಸದಸ್ಯತ್ವ ಸಂಖ್ಯೆ ಮೊದಲಿರುವವರಿಗೆ ಕೊಡುವುದು."

ಸಭೆಯಲ್ಲಿ ಇದನ್ನು ಓದುವಾಗ ಆ ಇಬ್ಬರ ಹೆಸರು ಎತ್ತಬೇಡಿ. ನಿಯಮ ಪಾಸಾದ ಮೇಲೆ ಪಟ್ಟಿ ಹೊರಗೆ ತೆಗೆಯಿರಿ. ಪಟ್ಟಿಯಲ್ಲಿ ಲೀಟರ್, ಪೈಸೆ ಸಮೇತ ಪಾಲು, ಕೊಟ್ಟ ರೂಪಾಯಿ, ಮೂರೂ ಕಾಲಂ ಕಾಣಿಸಲಿ. ಕೆಳಗೆ ಮೂರರ ಒಟ್ಟೂ ಇರಲಿ. ಕೊಟ್ಟ ರೂಪಾಯಿಯ ಕಾಲಂನಲ್ಲಿ ಸೂತ್ರ ಬಿಡಬೇಡಿ, ಬರೀ ಸಂಖ್ಯೆಯಾಗಿ ಪೇಸ್ಟ್ ಮಾಡಿ, ಆಮೇಲೆ ಬ್ಯಾಂಕಿಗೆ ಕಳಿಸಿ. ಪ್ರಿಂಟಿನ ಮೇಲೆ ಮೇಷ್ಟ್ರ ಸಹಿ ಹಾಕಿಸಿಕೊಳ್ಳಿ.